ಕವಳ ಇಡುವ ಜಾಗದಲ್ಲೇ ಹುಣ್ಣು: ತುಣುಕು ತೆಗೆಸಲು ಹೆದರಬೇಕಾ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಶಿರಸಿ ಹತ್ತಿರದ ಹಳ್ಳಿ. ಅಪ್ಪನಿಗೆ 58 ವರ್ಷ. ಇಪ್ಪತ್ತನೇ ವಯಸ್ಸಿನಿಂದ ತಂಬಾಕು ಸೇರಿಸಿ ಕವಳ (ಎಲೆ-ಅಡಿಕೆ) ಹಾಕುತ್ತಾರೆ. ಎರಡು ತಿಂಗಳಿಂದ ಎಡಗೆನ್ನೆಯ ಒಳಗೆ ಒಂದು ಹುಣ್ಣಿದೆ. ನೋವಿಲ್ಲ, ಅಪ್ಪೆಹುಳಿ ಕುಡಿದರೆ ಮಾತ್ರ ಉರಿ ಅನ್ನುತ್ತಾರೆ. ಬಾಯಿಯೂ ಮೊದಲಿನಷ್ಟು ತೆರೆಯುವುದಿಲ್ಲ. ಹಲ್ಲಿನ ಡಾಕ್ಟರು ತುಣುಕು ತೆಗೆದು ಪರೀಕ್ಷೆಗೆ ಕಳಿಸೋಣ ಎಂದಿದ್ದಾರೆ. ಕತ್ತರಿ ಮುಟ್ಟಿಸಿದರೆ ಹರಡುತ್ತದೆ ಎಂದು ದೊಡ್ಡಪ್ಪ ಬಿಡುತ್ತಿಲ್ಲ. 'ಅಜ್ಜ 90 ವರ್ಷದ ತನಕ ಕವಳ ಹಾಕಿದ್ದ, ಏನಾಯ್ತು?' ಎಂದು ಅವರ ವಾದ. ಅಡಿಕೆಯ ಕೊನೆಕೊಯ್ಲು ಮುಗಿಯಲಿ, ಆಮೇಲೆ ನೋಡೋಣ ಎಂದು ಅಪ್ಪ. ಕ್ಯಾನ್ಸರ್ ಆಗಿದ್ದರೆ ಏನೇನು ಮಾಡುತ್ತಾರೆ? ಖರ್ಚು ಹೇಗೆ? ಆಯಿ ತಂಬಾಕಿಲ್ಲದೆ ಬರೀ ಎಲೆ-ಅಡಿಕೆ ಹಾಕುತ್ತಾರೆ, ತಮ್ಮ ಪ್ಯಾಕೆಟ್ ಅಡಿಕೆ ಪುಡಿ ತಿನ್ನುತ್ತಾನೆ. ಅವರಿಗೂ ಅಪಾಯ ಇದೆಯಾ?

ಉತ್ತರ: ತಂಗಿ, ಮೊದಲು ಒಂದು ಮಾತು. ಈ ಪತ್ರ ಓದಿ ಮುಗಿಸುವ ಮುಂಚೆಯೇ ಆ ಹಲ್ಲಿನ ಡಾಕ್ಟರಿಗೆ ಫೋನ್ ಮಾಡಿ ದಿನ ಗೊತ್ತು ಮಾಡಿಕೊಳ್ಳಿ. ಉಳಿದದ್ದನ್ನು ನಿಧಾನವಾಗಿ ಓದಬಹುದು.

ಅಪ್ಪನಿಗೆ ಕ್ಯಾನ್ಸರ್ ಇದೆ ಎಂದು ನಾನು ಹೇಳುತ್ತಿಲ್ಲ. ಬಾಯಿ ನೋಡದೆ ಯಾರೂ ಹೇಳಬಾರದು. ಆದರೆ ನೀವು ಬರೆದಿರುವ ಮೂರು ಸಂಗತಿ ಒಟ್ಟಿಗೆ ಬಂದರೆ ಕಾಯುವ ಹಾಗಿಲ್ಲ: ಎರಡು ತಿಂಗಳಾದರೂ ಮಾಗದ ಹುಣ್ಣು, ಉರಿ, ತೆರೆಯದ ಬಾಯಿ. ನಮಗೆಲ್ಲ ಆಗಾಗ ಬರುವ ಬಾಯಿಹುಣ್ಣು ತಡೆಯಲಾರದಷ್ಟು ನೋಯುತ್ತದೆ, ಹತ್ತು ಹದಿನಾಲ್ಕು ದಿನದಲ್ಲಿ ತಾನೇ ಮಾಗುತ್ತದೆ. ಕೆಟ್ಟ ಹುಣ್ಣು ಶುರುವಿನಲ್ಲಿ ನೋಯುವುದೇ ಕಡಿಮೆ. 'ನೋವಿಲ್ಲ, ಹಾಗಾಗಿ ಸುಮ್ನಿದ್ದೆ' ಎನ್ನುವ ಮಾತನ್ನು ನನ್ನ ಕುರ್ಚಿಯಲ್ಲಿ ಕೂತವರಿಂದ ಕೇಳಿ ಕೇಳಿ ಸಾಕಾಗಿದೆ. ಎರಡು ವಾರ ಕಾಯಬಹುದು, ಹೆಚ್ಚೆಂದರೆ ಮೂರು. ನಿಮ್ಮಲ್ಲಿ ಆಗಲೇ ಎಂಟು ವಾರ ಕಳೆದಿದೆ.

ಇನ್ನು ದೊಡ್ಡಪ್ಪನ ಹೆದರಿಕೆ. ಕತ್ತರಿ ಮುಟ್ಟಿಸಿದರೆ ಹರಡುತ್ತದೆ ಎನ್ನುವುದು ನಮ್ಮ ಕಡೆ ಹಳೆಯ ಮಾತು. ಅದು ಎಲ್ಲಿಂದ ಬಂತು ಎನ್ನುವುದು ನನಗೆ ಅರ್ಥವಾಗುತ್ತದೆ. ಜನ ಆರು ತಿಂಗಳು, ವರ್ಷ ಅಂತ ತಡೆದು, ಕುತ್ತಿಗೆಯಲ್ಲಿ ಗಂಟು ಎದ್ದ ಮೇಲೆ ಆಸ್ಪತ್ರೆಗೆ ಹೋಗುತ್ತಾರೆ. ಅಲ್ಲಿ ತುಣುಕು ತೆಗೆಯುತ್ತಾರೆ. ಕೆಲವು ತಿಂಗಳಲ್ಲಿ ಆ ಮನುಷ್ಯ ಹೋಗುತ್ತಾನೆ. ಊರವರ ಕಣ್ಣಿಗೆ ಬಿದ್ದದ್ದು ತುಣುಕು ತೆಗೆದದ್ದು ಮಾತ್ರ, ಕಳೆದುಹೋದ ವರ್ಷ ಕಾಣುವುದಿಲ್ಲ. ಹೀಗೆ ತುಣುಕು ತೆಗೆದು ಪರೀಕ್ಷಿಸುವುದರಿಂದ, ಅಂದರೆ ಬಯಾಪ್ಸಿಯಿಂದ, ಬಾಯಿಯ ಕ್ಯಾನ್ಸರ್ ಹರಡುತ್ತದೆ ಎನ್ನಲು ಆಧಾರ ಇಲ್ಲ. ಅದು ನಿಜಕ್ಕೂ ಸಣ್ಣ ಕೆಲಸ. ಹಲ್ಲು ಕೀಳುವಾಗ ಕೊಡುವ ಮರಗಟ್ಟಿಸುವ ಇಂಜೆಕ್ಷನ್ನೇ ಇಲ್ಲೂ. ಹುಣ್ಣಿನ ಅಂಚಿನಿಂದ ಭತ್ತದ ಕಾಳಿಗಿಂತ ಸ್ವಲ್ಪ ದೊಡ್ಡ ತುಣುಕು, ಒಂದೆರಡು ಹೊಲಿಗೆ. ಹದಿನೈದು ನಿಮಿಷದಲ್ಲಿ ಮುಗಿಯುತ್ತದೆ. ರಿಪೋರ್ಟ್ ಬರಲು ಸುಮಾರು ಒಂದು ವಾರ. ಆ ಕಾಗದ ಇಲ್ಲದೆ ಯಾವ ದೊಡ್ಡ ಆಸ್ಪತ್ರೆಯೂ ಚಿಕಿತ್ಸೆ ಶುರು ಮಾಡುವುದಿಲ್ಲ, ಮಾಡಲೂಬಾರದು.

ಇಲ್ಲಿ ನನ್ನದೇ ತಪ್ಪೊಂದನ್ನು ಹೇಳಿಬಿಡುತ್ತೇನೆ. ಪ್ರಾಕ್ಟೀಸ್ ಶುರು ಮಾಡಿದ ಹೊಸತರಲ್ಲಿ ಕರಾವಳಿ ಕಡೆಯ ಮೀನುಗಾರರೊಬ್ಬರು ಬಂದಿದ್ದರು. ಬೋಟಿನಲ್ಲಿ ರಾತ್ರಿ ನಿದ್ದೆ ಬರಬಾರದು ಅಂತ ಒಂದರ ಮೇಲೊಂದು ಕವಳ. ನಾಲಿಗೆಯ ಬದಿಯಲ್ಲಿ ಹುಣ್ಣು, ಅದರ ಎದುರಿಗೆ ಒಂದು ಚೂಪು ಹಲ್ಲು. ಹಲ್ಲು ಕೊರೆದು ನಯ ಮಾಡಿದೆ, ಹಚ್ಚಲು ಜೆಲ್ ಕೊಟ್ಟೆ, ಮಾಗದಿದ್ದರೆ ಬನ್ನಿ ಎಂದೆ. ಎರಡು ವಾರದ ನಂತರ ಇಂಥ ದಿನವೇ ಬರಬೇಕು ಎಂದು ಹೇಳಲಿಲ್ಲ, ಫೋನ್ ನಂಬರ್ ಬರೆದಿಟ್ಟುಕೊಳ್ಳಲಿಲ್ಲ. ಅವರು ಸಮುದ್ರಕ್ಕೆ ಹೋದರು. ಮತ್ತೆ ಬಂದದ್ದು ನಾಲ್ಕು ತಿಂಗಳ ಮೇಲೆ, ನಾಲಿಗೆ ಅಲ್ಲಾಡಿಸಲು ಆಗದೆ. ಆಮೇಲಿಂದ ನನ್ನ ಟೇಬಲ್ ಮೇಲೆ ಒಂದು ನೋಟ್‌ಬುಕ್ ಇದೆ. ಕಾದು ನೋಡೋಣ ಎಂದು ಕಳಿಸಿದ ಪ್ರತಿಯೊಬ್ಬರ ಹೆಸರು, ತಾರೀಖು ಅದರಲ್ಲಿರುತ್ತದೆ.

ಅಪ್ಪನ ಬಾಯಿ ತೆರೆಯದಿರುವುದು ಬೇರೆಯೇ ಒಂದು ಕಥೆ. ಒಂದು ಕೆಲಸ ಮಾಡಿ. ಅಪ್ಪ ತಮ್ಮದೇ ಮೂರು ಬೆರಳು ಜೋಡಿಸಿ, ಒಂದರ ಮೇಲೊಂದು ಬರುವ ಹಾಗೆ ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳ ನಡುವೆ ಇಡಲಿ. ಮೂರೂ ಹಿಡಿಸಿದರೆ ಸರಿ. ಎರಡಕ್ಕೇ ನಿಂತರೆ ಕೆನ್ನೆಯ ಒಳಪದರ ಗಟ್ಟಿಯಾಗಿರಬಹುದು. ಇದಕ್ಕೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತೇವೆ. ಒಳಗೆ ಬೆರಳಾಡಿಸಿದರೆ ಮೆತ್ತಗಿರಬೇಕಾದ ಕೆನ್ನೆಯಲ್ಲಿ ಹಗ್ಗದಂಥ ಎಳೆ ಸಿಗುತ್ತದೆ, ಬಣ್ಣ ಬಿಳಿಚಿಕೊಂಡಿರುತ್ತದೆ. ಶುರುವಿಗೆ ಇದು ಗೊತ್ತಾಗುವುದು ಊಟಕ್ಕೆ ಕೂತಾಗಲೇ. ನಮ್ಮ ಕಡೆಯವರು 'ಅಪ್ಪೆಹುಳಿ ಸೇರ್ತಿಲ್ಲ', 'ಮಿಡಿ ಉಪ್ಪಿನಕಾಯಿ ತಿನ್ನೋಕೆ ಆಗ್ತಿಲ್ಲ' ಎಂದು ಬಂದರೆ ನಾನು ಮೊದಲು ಕೇಳುವುದು ಕವಳದ ಲೆಕ್ಕ. ಇದು ಕ್ಯಾನ್ಸರ್ ಅಲ್ಲ. ಆದರೆ ಇಂಥ ಬಾಯಿಯಲ್ಲಿ ಮುಂದೆ ಕ್ಯಾನ್ಸರ್ ಆಗುವ ಸಾಧ್ಯತೆ ಜಾಸ್ತಿ. ಗಟ್ಟಿಯಾದ ಕೆನ್ನೆ ಪೂರ್ತಿ ಮೊದಲಿನ ಹಾಗೆ ಆಗುವುದೂ ಕಷ್ಟ.

ಈ ಎಳೆ ಕಟ್ಟಿಸುವುದು ತಂಬಾಕಲ್ಲ, ಅಡಿಕೆ. ಅಡಿಕೆಯಲ್ಲಿರುವ ಅರೆಕೊಲಿನ್ ಎಂಬ ಅಂಶ ಕೆನ್ನೆಯೊಳಗಿನ ಜೀವಕೋಶಗಳಿಗೆ ಬೇಡದಷ್ಟು ನಾರು ನೇಯಿಸುತ್ತದೆ. ಅಡಿಕೆಯಲ್ಲಿರುವ ತಾಮ್ರ ಆ ನಾರನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಸುಣ್ಣ ಈ ಕೆಲಸವನ್ನು ಚುರುಕು ಮಾಡುತ್ತದೆ. ಹಾಗಾಗಿ ಆಯಿಯ ಪ್ರಶ್ನೆಗೆ ಉತ್ತರ ಇಲ್ಲೇ ಇದೆ: ತಂಬಾಕಿಲ್ಲದ ಕವಳಕ್ಕೂ ಅಪಾಯ ಇದೆ. ತಂಬಾಕು ಸೇರಿದ್ದಕ್ಕಿಂತ ಕಡಿಮೆ, ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನೂ, ತಂಬಾಕಿಲ್ಲದ ಕವಳವನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಬೀಡಿ-ಸಿಗರೇಟು ಇರುವುದೂ ಅದೇ ಗುಂಪಿನಲ್ಲಿ. ಎಲೆಯೊಂದನ್ನೇ ಅಗಿದರೆ ಕ್ಯಾನ್ಸರ್ ಬರುತ್ತದೆ ಎಂದು ತೋರಿಸಿದವರಿಲ್ಲ. ಆಯಿಗೆ ಬಾಯಿ ಸುಮ್ಮನಿರುವುದಿಲ್ಲ ಎಂದಾದರೆ ಎಲೆಗೆ ಏಲಕ್ಕಿ, ಲವಂಗ ಹಾಕಿಕೊಳ್ಳಲಿ.

ಇದನ್ನು ಬರೆದರೆ ನಮ್ಮೂರಲ್ಲಿ ಬೈಗುಳ ಖಂಡಿತ ಎಂದು ನನಗೆ ಗೊತ್ತು. ನಾನೂ ತೋಟದ ಮನೆಯವನೇ. ಫೀಸು ಕಟ್ಟಿದ್ದು ಚಾಲಿ ಅಡಿಕೆ ಮಾರಿದ ದುಡ್ಡಿನಲ್ಲಿ. ಮನೆಗೆ ಬಂದವರಿಗೆ ಕುಡಿಯಲು ಆಸ್ರಿಗೆ ಕೊಟ್ಟು, ಕವಳದ ಹರಿವಾಣ ಮುಂದಿಡುವ ಸೀಮೆ ನಮ್ಮದು. ಹರಿವಾಣ ದೂಡಿದರೆ ಮುಖ ಸಿಂಡರಿಸುವ ಹಿರಿಯರು ಇನ್ನೂ ಇದ್ದಾರೆ. ಅಡಿಕೆಗೆ ಕ್ಯಾನ್ಸರ್ ಪಟ್ಟ ಕಟ್ಟಿದರೆ ಬೆಲೆ ಬೀಳುತ್ತದೆ ಎನ್ನುವ ಭಯ ಸುಳ್ಳಲ್ಲ, ಆ ಭಯ ನನಗೂ ಇದೆ. ಆದರೆ ದಿನಕ್ಕೆ ಹತ್ತು ಸಲ ಕೆನ್ನೆಯಲ್ಲಿಟ್ಟುಕೊಂಡ ಅಡಿಕೆ ಮಾಡುವ ಗಾಯ ಮಾರುಕಟ್ಟೆ ದರ ನೋಡಿ ಮಾಗುವುದಿಲ್ಲವಲ್ಲ.

ಅಜ್ಜನ ವಾದಕ್ಕೂ ಒಂದು ಮಾತು. ಕವಳ ಹಾಕಿದವರಿಗೆಲ್ಲ ಕ್ಯಾನ್ಸರ್ ಬರುವುದಿಲ್ಲ, ನಿಜ. ಬಂದವರು ಯಾರು ಎಂದು ದೊಡ್ಡಪ್ಪನನ್ನೇ ಕೇಳಿ ನೋಡಿ. 'ಬಾಯಲ್ಲಿ ಹುಣ್ಣಾಗಿ ಹೋದ', 'ಗಂಟಲು ಕಟ್ಟಿ ಹೋದ' ಎಂದು ಹಳಬರು ಹೇಳುವ ಒಬ್ಬಿಬ್ಬರು ಎಲ್ಲ ಊರಲ್ಲೂ ಸಿಗುತ್ತಾರೆ. ಆಗ ಅದಕ್ಕೆ ಹೆಸರಿರಲಿಲ್ಲ. 2022ರ ಅಂದಾಜಿನಂತೆ ಭಾರತದಲ್ಲಿ ಒಂದೇ ವರ್ಷ ತುಟಿ ಮತ್ತು ಬಾಯಿಯ ಕ್ಯಾನ್ಸರ್ ಸುಮಾರು 1.43 ಲಕ್ಷ ಜನರಿಗೆ ಹೊಸದಾಗಿ ಬಂತು, ಸುಮಾರು 80 ಸಾವಿರ ಜನ ಹೋದರು. ನಮ್ಮ ಗಂಡಸರಲ್ಲಿ ಇದೇ ಮೊದಲ ಸ್ಥಾನದ ಕ್ಯಾನ್ಸರ್. ಆ ಹೊಸ ರೋಗಿಗಳಲ್ಲಿ 83 ಸಾವಿರಕ್ಕೂ ಹೆಚ್ಚು ಜನರ ಕಾಯಿಲೆಗೆ ಕಾರಣ ಜಗಿಯುವ ತಂಬಾಕು ಅಥವಾ ಅಡಿಕೆ ಎಂದು ಲೆಕ್ಕ ಹಾಕಿದ್ದಾರೆ. ಪಾಶ್ಚಾತ್ಯರಲ್ಲಿ ಬಾಯಿಯ ಕ್ಯಾನ್ಸರ್ ಹೆಚ್ಚಾಗಿ ನಾಲಿಗೆಗೆ ಬರುತ್ತದೆ. ನಮ್ಮಲ್ಲಿ ಕೆನ್ನೆ ಮತ್ತು ಕೆಳದವಡೆಯ ವಸಡಿನ ನಡುವಿನ ಸಂದಿಗೆ. ಕವಳ ಒತ್ತಿಡುವುದು ಅಲ್ಲೇ ತಾನೆ?

ತಮ್ಮನ ವಿಷಯದಲ್ಲಿ ನನಗೆ ಅಪ್ಪನಷ್ಟೇ ಚಿಂತೆ. ಪ್ಯಾಕೆಟ್‌ನಲ್ಲಿರುವುದು ಒಣ ಅಡಿಕೆ ಪುಡಿ. ಎಲೆಯ ನೀರಿಲ್ಲ, ಕೂತು ಕಟ್ಟುವ ಶ್ರಮವಿಲ್ಲ, ಜೇಬಿನಿಂದ ತೆಗೆದು ಬಾಯಿಗೆ ಸುರಿದರೆ ಮುಗಿಯಿತು. ಹಾಗಾಗಿ ದಿನದ ಲೆಕ್ಕ ತಪ್ಪುತ್ತದೆ. ಮೂವತ್ತು ದಾಟದ ಹುಡುಗರು ಎರಡು ಬೆರಳು ಹಿಡಿಸದ ಬಾಯಿ ಇಟ್ಟುಕೊಂಡು ಬರುವುದನ್ನು ನೋಡುತ್ತಿದ್ದೇನೆ. ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಯಿತು. ಅಂಗಡಿಯವರು ಪಾನ್ ಮಸಾಲಾ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್ ಎಂದು ಎರಡನ್ನೂ ಒಟ್ಟಿಗೆ ಕೊಡುತ್ತಾರೆ. ಹುಡುಗರು ಅಂಗಡಿಯ ಮುಂದೆಯೇ ಬೆರೆಸಿಕೊಳ್ಳುತ್ತಾರೆ. ಅದರ ಮೇಲೆ ಕುಡಿತವೂ ಇದ್ದರೆ ಅಪಾಯ ಕೂಡುವುದಿಲ್ಲ, ಗುಣಿಸುತ್ತದೆ. ತಮ್ಮನಿಗೆ ಉಪದೇಶ ಮಾಡಬೇಡಿ, ಕೇಳುವುದಿಲ್ಲ. ಮೂರು ಬೆರಳಿನ ಪರೀಕ್ಷೆ ಮಾಡಿಸಿ. 1800 11 2356 ಎಂಬ ಉಚಿತ ನಂಬರಿಗೆ ಫೋನ್ ಮಾಡಿಸಿ, ತಂಬಾಕು ಬಿಡುವವರಿಗೆಂದೇ ಇರುವ ಸರ್ಕಾರದ ಸಹಾಯವಾಣಿ ಅದು. ಬಿಟ್ಟ ಮೊದಲ ಒಂದೆರಡು ವಾರ ಸಿಟ್ಟು, ತಲೆನೋವು, ನಿದ್ದೆಗೇಡು ಇರುತ್ತದೆ. ಮನೆಯವರು ಸಹಿಸಿಕೊಳ್ಳಬೇಕು. ನಿಕೊಟಿನ್ ಚ್ಯೂಯಿಂಗ್ ಗಮ್ ಸಿಗುತ್ತದೆ. ಬಾಯಿ ಬಿಗಿದವರಿಗೆ ಜಗಿಯುವ ಅಭ್ಯಾಸವೇ ತಪ್ಪಲಿ ಎಂದು ನಾನು ಚರ್ಮಕ್ಕೆ ಅಂಟಿಸುವ ಪ್ಯಾಚ್ ಕೊಡಲು ಇಷ್ಟಪಡುತ್ತೇನೆ.

ಮನೆಯ ಎಲ್ಲರ ಬಾಯಿಯನ್ನೂ ನೀವೇ ಒಮ್ಮೆ ನೋಡಿ. ಬೆಳಗಿನ ಬಿಸಿಲು ಬರುವಾಗ ಅಂಗಳದಲ್ಲಿ ಕೂರಿಸಿ, ಬಾಯಿ ಮುಕ್ಕಳಿಸಿ ಕವಳದ ಕೆಂಪು ಹೋಗಲಿ. ಚಮಚದ ಹಿಂಬದಿಯಿಂದ ಕೆನ್ನೆ ಸರಿಸಿ ಕೆಳವಸಡಿನ ಪಕ್ಕದ ಸಂದಿ ನೋಡಿ. ನಾಲಿಗೆಯನ್ನು ಬಟ್ಟೆಯಿಂದ ಹಿಡಿದು ಎರಡೂ ಬದಿ, ಆಮೇಲೆ ಎತ್ತಿಸಿ ಅಡಿಭಾಗ. ಒರೆಸಿದರೂ ಹೋಗದ ಬಿಳಿ ಪಟ್ಟೆ ಇದ್ದರೆ ತೋರಿಸಬೇಕು. ವೆಲ್ವೆಟ್ ಹಾಗೆ ಕೆಂಪಾದ ಮಚ್ಚೆ ಇದ್ದರೆ ಬೇಗ ತೋರಿಸಬೇಕು, ಅದು ಬಿಳಿಗಿಂತ ಹೆಚ್ಚು ಅಪಾಯದ್ದು. ಹುಣ್ಣಿನ ಅಂಚು ಮುಟ್ಟಿದರೆ ಗಟ್ಟಿ ಇದೆಯಾ, ಕಾರಣವಿಲ್ಲದೆ ಹಲ್ಲು ಅಲ್ಲಾಡುತ್ತಿದೆಯಾ, ಕಿತ್ತ ಹಲ್ಲಿನ ಜಾಗ ಮಾಗಿಲ್ಲವಾ, ಒಂದೇ ಕಡೆಯ ಕಿವಿ ನೋಯುತ್ತಿದೆಯಾ, ದವಡೆ ಕೆಳಗೆ ಗಂಟಿದೆಯಾ, ಅದನ್ನೂ ಗಮನಿಸಿ. ಇಷ್ಟಕ್ಕೆ ಯಾವ ಮೆಷಿನ್ನೂ ಬೇಡ. ತಿರುವನಂತಪುರ ಜಿಲ್ಲೆಯಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬರಿಗಣ್ಣಿನಿಂದ ಬಾಯಿ ನೋಡಿದರು. ತಂಬಾಕು, ಕುಡಿತದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು 34 ಶೇಕಡ ಕಡಿಮೆಯಾಯಿತು ಎಂದು 2005ರಲ್ಲಿ ವರದಿ ಬಂತು. ನಮ್ಮಲ್ಲೂ 30 ದಾಟಿದವರ ಬಾಯಿ ನೋಡುವ ಕಾರ್ಯಕ್ರಮ ಇದೆ. ಆಶಾ ಕಾರ್ಯಕರ್ತೆ ಬಂದಾಗ 'ಬಾಯಿ ನೋಡೋದೇನು ಮಾರಾಯ್ತಿ' ಎಂದು ನಗಬೇಡಿ, ತೆರೆದು ತೋರಿಸಿ.

ಈಗ ನೀವು ಕೇಳಿದ ಭಾರವಾದ ಪ್ರಶ್ನೆ. ಕ್ಯಾನ್ಸರ್ ಎಂದೇ ರಿಪೋರ್ಟ್ ಬಂದರೆ?

ಬಾಯಿಯ ಕ್ಯಾನ್ಸರಿಗೆ ಮೊದಲ ಚಿಕಿತ್ಸೆ ಸಾಮಾನ್ಯವಾಗಿ ಆಪರೇಶನ್. ಅದಕ್ಕೂ ಮುಂಚೆ ಸ್ಕ್ಯಾನ್ ಮಾಡಿ, ಮೂಳೆಗೆ ಇಳಿದಿದೆಯಾ, ಕುತ್ತಿಗೆಯ ಗ್ರಂಥಿಗಳಿಗೆ ಹೋಗಿದೆಯಾ ನೋಡುತ್ತಾರೆ. ಹುಣ್ಣನ್ನು ಸುತ್ತಲಿನ ಒಂದಿಷ್ಟು ಒಳ್ಳೆಯ ಭಾಗದ ಜೊತೆಗೇ ತೆಗೆಯುತ್ತಾರೆ. ದವಡೆಗೆ ತಾಗಿದ್ದರೆ ಅದರ ಒಂದು ತುಂಡು. ಆ ಜಾಗ ತುಂಬಲು ಮುಂಗೈ ಚರ್ಮ, ಎದೆಯ ಮಾಂಸ, ಇಲ್ಲವೇ ಕಾಲಿನ ಮೂಳೆ ತಂದು ಕೂರಿಸುತ್ತಾರೆ. ಜೊತೆಗೆ ಕುತ್ತಿಗೆಯನ್ನೂ ಬಿಡಿಸಿ ಗ್ರಂಥಿಗಳನ್ನು ತೆಗೆಯುತ್ತಾರೆ. ಹುಣ್ಣು ಕೆನ್ನೆಯಲ್ಲಿರುವಾಗ ಕುತ್ತಿಗೆ ಯಾಕೆ ಕೊಯ್ದರು ಎಂದು ಮನೆಯವರು ಜಗಳ ಆಡುವುದು ಇಲ್ಲೇ. ತೋಟದವರಿಗೆ ನಾನು ಹೇಳುವುದು ಇಷ್ಟು: ಒಂದು ಅಡಿಕೆ ಮರದ ಕೊನೆಗೆ ಕೊಳೆರೋಗ ಬಂದರೆ ಪಕ್ಕದ ಮರಕ್ಕೆ ಮದ್ದು ಹೊಡೆಯದೆ ಬಿಡುತ್ತೀರಾ? ಅಲ್ಲಿ ಇನ್ನೂ ಏನೂ ಕಾಣುತ್ತಿಲ್ಲ, ಆದರೂ ಹೊಡೆಯುತ್ತೀರಿ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ಇದನ್ನೇ ಪರೀಕ್ಷೆ ಮಾಡಿ 2015ರಲ್ಲಿ ಪ್ರಕಟಿಸಿದರು. ಕುತ್ತಿಗೆಯಲ್ಲಿ ಗಂಟು ಕಾಣದ, ಶುರುವಿನ ಹಂತದ ರೋಗಿಗಳನ್ನು ಎರಡು ಗುಂಪು ಮಾಡಿದರು. ಮೊದಲೇ ಗ್ರಂಥಿ ತೆಗೆದ ಗುಂಪಿನಲ್ಲಿ ಮೂರು ವರ್ಷದ ನಂತರ ಶೇಕಡ 80 ಜನ ಬದುಕಿದ್ದರು. ಗಂಟು ಬಂದ ಮೇಲೆ ತೆಗೆಯೋಣ ಎಂದು ಕಾದ ಗುಂಪಿನಲ್ಲಿ 67.5. ಇಂಥ ಉತ್ತರ ನಮ್ಮ ದೇಶದಲ್ಲೇ, ನಮ್ಮ ಜನರ ಬಾಯಿ ನೋಡಿಯೇ ಸಿಕ್ಕಿದ್ದು ಸಣ್ಣ ಮಾತಲ್ಲ.

ಕಾಯಿಲೆ ಸಣ್ಣದಿದ್ದು ಪೂರ್ತಿ ತೆಗೆದಿದ್ದರೆ ಅಲ್ಲಿಗೇ ಮುಗಿಯಬಹುದು. ಗ್ರಂಥಿಗೆ ಹೋಗಿದ್ದರೆ ಅಥವಾ ದೊಡ್ಡದಿದ್ದರೆ ಗಾಯ ಮಾಗಿದ ಮೇಲೆ ರೇಡಿಯೇಶನ್, ಕೆಲವರಿಗೆ ಅದರ ಜೊತೆ ಸಿಸ್ಪ್ಲಾಟಿನ್ ಎಂಬ ಕ್ಯಾನ್ಸರ್ ಔಷಧಿಯ ಇಂಜೆಕ್ಷನ್. ರೇಡಿಯೇಶನ್ ಎಂದರೆ ಸಾಮಾನ್ಯವಾಗಿ ವಾರಕ್ಕೆ ಐದು ದಿನ, ಆರು ವಾರ. ಒಂದು ಸಲಕ್ಕೆ ಹಿಡಿಯುವುದು ಕೆಲವೇ ನಿಮಿಷ, ನೋವೂ ಇರುವುದಿಲ್ಲ. ಆದರೆ ಮೂರನೇ ವಾರದ ಹೊತ್ತಿಗೆ ಬಾಯೊಳಗೆ ಸುಟ್ಟ ಹಾಗೆ ಹುಣ್ಣಾಗುತ್ತದೆ, ಜೊಲ್ಲು ಬತ್ತುತ್ತದೆ, ರುಚಿ ಹೋಗುತ್ತದೆ. ಆಗ ತಣ್ಣಗಿನ ಗಂಜಿ, ಮೆಣಸು ಹಾಕದ ಸೌತೆಕಾಯಿ ತಂಬುಳಿ, ರಾಗಿ ಅಂಬಲಿ, ಕಿವುಚಿದ ಬಾಳೆಹಣ್ಣು. ತಿನ್ನುವವರಾದರೆ ಮೊಟ್ಟೆ. ನುಂಗಲೇ ಆಗದಿದ್ದರೆ ಮೂಗಿನಿಂದ ಹೊಟ್ಟೆಗೆ ನಳಿಕೆ ಹಾಕುತ್ತಾರೆ, ಅದಕ್ಕೆ ಗಾಬರಿ ಬೇಡ. ತೂಕ ಇಳಿಯಲು ಬಿಟ್ಟು ಚಿಕಿತ್ಸೆ ಅರ್ಧಕ್ಕೆ ನಿಲ್ಲಿಸುವುದು ನಳಿಕೆಗಿಂತ ಕೆಟ್ಟದ್ದು.

ನನ್ನ ಕಸುಬಿನ ಒಂದು ಮಾತು. ರೇಡಿಯೇಶನ್‌ಗೆ ಮುಂಚೆ ಹಲ್ಲುಗಳನ್ನು ಕಡ್ಡಾಯವಾಗಿ ತೋರಿಸಿ. ಕೆಟ್ಟ ಹಲ್ಲಿದ್ದರೆ ಎರಡು ವಾರ ಮೊದಲೇ ಕಿತ್ತು ಗಾಯ ಮಾಗಿಸಬೇಕು. ರೇಡಿಯೇಶನ್ ಕೊಟ್ಟ ದವಡೆಯಲ್ಲಿ ಆಮೇಲೆ ಹಲ್ಲು ಕಿತ್ತರೆ ಮೂಳೆಯೇ ಕೊಳೆಯಬಹುದು. ಹತ್ತು ವರ್ಷ ಕಳೆದರೂ ಈ ಅಪಾಯ ಹೋಗುವುದಿಲ್ಲ. ಇನ್ನೊಂದು, ಬಾಯಿಯ ವ್ಯಾಯಾಮ. ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟು, ದಿನಾ ಒಂದೊಂದು ಹೆಚ್ಚಿಸುತ್ತಾ ಹೋಗುವುದು. ಬೇಜಾರಿನ ಕೆಲಸ. ಬಿಟ್ಟವರ ಬಾಯಿ ಮುಚ್ಚಿಕೊಳ್ಳುತ್ತದೆ, ಊಟವೇ ಕಷ್ಟವಾಗುತ್ತದೆ.

ಎಲ್ಲಿಗೆ? ಶಿರಸಿ, ಸಿದ್ದಾಪುರ, ಯಲ್ಲಾಪುರದವರು ಹೆಚ್ಚಾಗಿ ಹುಬ್ಬಳ್ಳಿ-ಧಾರವಾಡಕ್ಕೆ ಹೋಗುತ್ತಾರೆ. ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರಿಗೆಂದೇ ಆಸ್ಪತ್ರೆ ಇದೆ. ಹೊನ್ನಾವರ, ಭಟ್ಕಳದವರು ಮಣಿಪಾಲ, ಮಂಗಳೂರು, ಕಾರವಾರದವರು ಗೋವಾ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಎಲ್ಲರಿಗೂ ಗೊತ್ತು. ನನ್ನ ಕೇಳಿದರೆ ಹೆಸರಿಗಿಂತ ಹತ್ತಿರ ನೋಡಿ. ಆರು ವಾರ ದಿನಾ ಹೋಗಬೇಕು. ಶಿರಸಿಯಿಂದ ಹುಬ್ಬಳ್ಳಿಗೆ ನೂರು ಕಿಲೋಮೀಟರಿನ ಆಸುಪಾಸು, ಹುಣ್ಣಾದ ಬಾಯಿ ಇಟ್ಟುಕೊಂಡು ದಿನಾ ಬಸ್ಸಿನಲ್ಲಿ ಹೋಗಿ ಬರಲು ಆಗದು. ಅಲ್ಲಿ ಯಾವ ನೆಂಟರ ಮನೆ ಇದೆ, ಆಸ್ಪತ್ರೆಯ ಹತ್ತಿರ ರೂಮು ಸಿಗುತ್ತದಾ, ಜೊತೆಗೆ ಇರುವವರು ಯಾರು, ದನಕರು ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಆಪರೇಶನ್‌ಗೆ ಮುಂಚೆಯೇ ಕೂತು ಮಾತಾಡಿ. ಎಷ್ಟೋ ಜನ ಚಿಕಿತ್ಸೆ ಮಧ್ಯದಲ್ಲಿ ಬಿಡುವುದು ಔಷಧಿಯ ದುಡ್ಡಿಲ್ಲ ಎಂದಲ್ಲ, ಈ ಲೆಕ್ಕ ತಪ್ಪಿ.

ದುಡ್ಡಿನ ವಿಷಯ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆ ಉಚಿತ. ತೋಟದವರಲ್ಲಿ ಎಪಿಎಲ್ ಕಾರ್ಡೇ ಜಾಸ್ತಿ. ಅವರಿಗೆ ಯೋಜನೆ ನಿಗದಿ ಮಾಡಿದ ದರದ ಶೇಕಡ 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ ಸಿಗುತ್ತದೆ. ಉಳಿದದ್ದು ಕೈಯಿಂದ. ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಮೊದಲೇ ಮಾಡಿಸಿಕೊಳ್ಳಿ. ಅಡ್ಮಿಟ್ ಆದ ಮೇಲೆ ಓಡಾಡುವುದು ಯಾತನೆ. ಯೋಜನೆ ಲೆಕ್ಕಕ್ಕೆ ಹಿಡಿಯದ ಖರ್ಚೂ ಇದೆ: ರೂಮು, ಬಸ್ಸು, ಜೊತೆಯವರ ಊಟ, ಹೋದ ಕೂಲಿ, ತಪ್ಪಿದ ಕೊಯ್ಲು.

ಕೊಯ್ಲು ಎಂದಾಗ ಅಪ್ಪನ ಮಾತಿಗೆ ಬರುತ್ತೇನೆ. ಮರ ಹತ್ತಿ ಕೊನೆ ಇಳಿಸುವ ಕೊನೆಗೌಡ ಸಿಗುವುದೇ ಕಷ್ಟ, ಸಿಕ್ಕಾಗ ಕೊಯ್ದು, ಸುಲಿಸಿ, ಒಣಗಿಸಿ ಮುಗಿಸುವ ಹೊತ್ತಿಗೆ ಮೂರು ತಿಂಗಳು. ಗೊತ್ತು. ಒಂದನೇ ಹಂತದಲ್ಲಿ ಸಿಕ್ಕ ಬಾಯಿ ಕ್ಯಾನ್ಸರಿನಲ್ಲಿ ಹತ್ತರಲ್ಲಿ ಎಂಟರಷ್ಟು ಜನ ಐದು ವರ್ಷ ದಾಟುತ್ತಾರೆ. ಮೂರು, ನಾಲ್ಕನೇ ಹಂತದಲ್ಲಿ ಅರ್ಧವೂ ಕಷ್ಟ. ನಮ್ಮ ದೇಶದಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಆಸ್ಪತ್ರೆಗೆ ಬರುವುದೇ ಆ ಕೊನೆಯ ಹಂತಗಳಲ್ಲಿ. ಈಗ ಕೇಳುತ್ತಿರುವುದು ಒಂದು ಬೆಳಗ್ಗೆ ಮಾತ್ರ. ತುಣುಕು ಕೊಟ್ಟು ಮಧ್ಯಾಹ್ನದ ಬಸ್ಸಿಗೆ ಮನೆಗೆ ಬಂದು ಅಡಿಕೆ ಒಣಗಿಸಬಹುದು. ರಿಪೋರ್ಟಿನಲ್ಲಿ ಕ್ಯಾನ್ಸರ್ ಇಲ್ಲ ಎಂದೇ ಬರಲಿ. ಆಗಲೂ ತಂಬಾಕು, ಅಡಿಕೆ ಎರಡನ್ನೂ ಬಿಟ್ಟು, ಬಾಯಿ ಬಿಗಿದದ್ದಕ್ಕೆ ಚಿಕಿತ್ಸೆ ತೆಗೆದುಕೊಂಡು, ಕೆಲವು ತಿಂಗಳಿಗೊಮ್ಮೆ ತೋರಿಸುತ್ತಿರಬೇಕು. ಹುಣ್ಣು ಮಾಗದೇ ಉಳಿದರೆ ಇನ್ನೊಮ್ಮೆ ತುಣುಕು ತೆಗೆಯಬೇಕಾಗಬಹುದು. ಮೊದಲನೆಯದು ಸರಿಯಾದ ಜಾಗದಿಂದ ಬಂದಿರುತ್ತದೆ ಎಂದೇನೂ ಇಲ್ಲ.

ಬೇರು-ತೊಗಟೆಯ ಔಷಧಿಗೆ ನಮ್ಮ ಸುತ್ತಮುತ್ತ ಜನ ಸಾಲುಗಟ್ಟಿ ನಿಲ್ಲುವುದು ನನಗೆ ಗೊತ್ತು. ದೊಡ್ಡಪ್ಪ ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ ಎಂದರೆ, ರಿಪೋರ್ಟ್ ಕೈಗೆ ಬಂದ ಮೇಲೆ ಮಾತಾಡೋಣ ಎನ್ನಿ. ಅಷ್ಟಕ್ಕೆ ಅವರೂ ಒಪ್ಪಬಹುದು.

ತುಣುಕು ತೆಗೆಯುವ ದಿನ ಅಪ್ಪ ತಿಂಡಿ ತಿಂದೇ ಬರಲಿ, ಖಾಲಿ ಹೊಟ್ಟೆ ಬೇಡ. ಬಿಪಿ, ಶುಗರ್ ಮಾತ್ರೆ ಎಂದಿನಂತೆ. ಹೃದಯಕ್ಕೆಂದು ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಆ ಚೀಟಿ ತನ್ನಿ, ನೀವಾಗಿಯೇ ನಿಲ್ಲಿಸಬೇಡಿ. ಕಟ್ಟಿಸಿದ ಹಲ್ಲಿನ ಸೆಟ್ ಇದ್ದರೆ ಅದನ್ನೂ ಜೊತೆಗೆ ತನ್ನಿ, ಅದು ಎಲ್ಲಿ ಉಜ್ಜುತ್ತದೆ ಎಂದು ನೋಡಬೇಕಾಗುತ್ತದೆ. ಮತ್ತೆ, ಸಾಧ್ಯವಾದರೆ ದೊಡ್ಡಪ್ಪನನ್ನೂ ಕರೆದುಕೊಂಡು ಬನ್ನಿ. ಅವರ ಬಾಯಿಯನ್ನೂ ನೋಡಬೇಕು ಎಂದು ಡಾಕ್ಟರಿಗೆ ಮೊದಲೇ ಹೇಳಿಟ್ಟಿರಿ.